ಕಾಲಾಣೆಯ ಎರಡನೇ ರಾಜ

ಆ ಕಾಲಾಣೆಯಲ್ಲಿ ಐದನೇ ಜಾರ್ಜ್ ದೊರೆ ಎರಡು ಸಲ ಇದ್ದ. ಒಂದು ಬದಿಯಲ್ಲಿ, ಎಲ್ಲ ಕಾಲಾಣೆಗಳಲ್ಲೂ ಇರುವಂತೆ, ಕಿರೀಟ ಇಟ್ಟುಕೊಂಡು ಎಡಕ್ಕೆ ಮುಖ ಮಾಡಿದ್ದ. ಬೆಲೆ, ಇಸವಿ ಇರಬೇಕಾದ ಇನ್ನೊಂದು ಬದಿಯಲ್ಲೂ ಅದೇ ಗಡ್ಡ, ಅದೇ ಕಿರೀಟ. ಆದರೆ ಮುಖ ಬಲಕ್ಕೆ ತಿರುಗಿತ್ತು, ಉಬ್ಬಿರಬೇಕಾದದ್ದು ಒಳಕ್ಕೆ ಇಳಿದಿತ್ತು. ಕಲಸಿದ ಹಿಟ್ಟಿನ ಮೇಲೆ ಯಾರೋ ಉಂಗುರ ಒತ್ತಿ ತೆಗೆದ ಹಾಗೆ.

ಕತ್ರಿಗುಪ್ಪೆಯ ನಮ್ಮ ದೊಡ್ಡಮ್ಮನ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲಿನ ಸಾಮಾನೆಲ್ಲ ಕೆಳಗಿಳಿದಿತ್ತು. ತಾಮ್ರದ ಹಂಡೆ, ಒರಳು ಕಳೆದುಕೊಂಡ ಗುಂಡುಕಲ್ಲು, ದೊಡ್ಡಪ್ಪ ಓದಿ ಕಟ್ಟಿಟ್ಟ ಮಾಸಪತ್ರಿಕೆಗಳ ಗಂಟು, ಅದರ ಹಿಂದೆ ಒಂದು ಬಿಸ್ಕತ್ತಿನ ತಗಡಿನ ಡಬ್ಬ. ವಾಟರ್ ಟ್ಯಾಂಕ್ ಒಂದನ್ನು ಬಿಟ್ಟರೆ ಆಟೋದವನಿಗೆ ಗುರುತು ಹೇಳಲು ಬೇರೇನೂ ಇಲ್ಲದ ಕಾಲದಲ್ಲಿ ಅಲ್ಲಿ ಮನೆ ಕಟ್ಟಿಸಿದವರು ಅವರು. ಚಾಮರಾಜಪೇಟೆಯ ಬಾಡಿಗೆ ಮನೆಯಿಂದ ಲಾರಿ ಹತ್ತಿ ಬಂದ ಡಬ್ಬ, ಅಂದಿನಿಂದ ಮುಚ್ಚಳ ತೆಗೆಸಿಕೊಂಡಿರಲಿಲ್ಲ. ಒಳಗೆ ಎಪ್ಪತ್ತೊಂದು ನಾಣ್ಯ. ಎಣಿಸಿದ್ದು ದೊಡ್ಡಮ್ಮನೇ.

"ನಿಮ್ಮ ದೊಡ್ಡಪ್ಪಂದು. ಗುಜರಿಯವನಿಗೆ ಹಾಕೋಣ ಅಂದ್ರೆ ಮನಸ್ಸು ಬರಲ್ಲ. ನೋಡು, ಏನಾದ್ರೂ ಇದೆಯಾ" ಅಂದರು.

ಎದುರು ಮನೆಯಲ್ಲಿ ಬ್ಯಾಂಕಿನ ಕ್ಯಾಷಿಯರ್ ಆಗಿ ನಿವೃತ್ತರಾದವರೊಬ್ಬರಿದ್ದಾರೆ. ನಾಣ್ಯ ಕೂಡಿಡುವ ಹವ್ಯಾಸದವರು. ಅವರ ಕೈಗೆ ಈ ಕಾಲಾಣೆ ಕೊಟ್ಟೆ. ಕನ್ನಡಕ ಹಣೆಗೆ ಏರಿಸಿ, ಕಣ್ಣಿಗೆ ಹತ್ತಿರ ಹಿಡಿದು, ಒಂದು ಸಲ ಗಂಟಲು ಸರಿಮಾಡಿಕೊಂಡರು.

"ಲಾಖಿ ಇದ್ರೂ ಇರಬಹುದು ಸಾರ್."

ದೊಡ್ಡಮ್ಮ ಅಡುಗೆಮನೆಯಿಂದಲೇ ಕೇಳಿದರು: "ಲಕ್ಕಿನಾ?"

ನಾಣ್ಯದ ಪೇಟೆಯಲ್ಲಿ ಇಂಥದ್ದಕ್ಕೆ ಲಾಖಿ ಅನ್ನುತ್ತಾರೆ. ಲಕ್ಷಕ್ಕೊಂದು ಸಿಗುತ್ತದೆ ಅನ್ನುವ ಲೆಕ್ಕ. ಅದು ಹುಟ್ಟುವ ರೀತಿ ಸರಳ. ಟಂಕಸಾಲೆಯ ಪ್ರೆಸ್ಸಿನಲ್ಲಿ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬಿಲ್ಲೆಯನ್ನು ಸುತ್ತ ಹಿಡಿದುಕೊಳ್ಳುವ ಉಕ್ಕಿನ ಬಳೆ. ಅದಕ್ಕೆ ಕಾಲರ್ ಎನ್ನುತ್ತಾರೆ. ಬಿಲ್ಲೆ ಬಂದು ಕೂರುತ್ತದೆ, ಏಟು ಬೀಳುತ್ತದೆ, ನಾಣ್ಯ ಹೊರಗೆ ಹಾರುತ್ತದೆ, ಇನ್ನೊಂದು ಬಿಲ್ಲೆ ಬರುತ್ತದೆ. ಯಾವಾಗಲೋ ಒಮ್ಮೆ ಹೊರಗೆ ಹಾರಬೇಕಾದ ನಾಣ್ಯ ಒಂದು ಅಚ್ಚಿಗೆ ಕಚ್ಚಿಕೊಂಡು ಉಳಿಯುತ್ತದೆ. ಮುಂದಿನ ಬಿಲ್ಲೆ ಬಂದಾಗ ಅದರ ಒಂದು ಬದಿಗೆ ಸರಿಯಾದ ಅಚ್ಚು ತಾಗುತ್ತದೆ. ಇನ್ನೊಂದು ಬದಿಗೆ ಅಚ್ಚಿನ ಬದಲು ಸಿಕ್ಕಿಕೊಂಡ ನಾಣ್ಯವೇ ತಾಗುತ್ತದೆ. ನಾಣ್ಯದ ಮೇಲೆ ಉಬ್ಬಿದ ರಾಜ ಬಿಲ್ಲೆಯ ಮೇಲೆ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗಿ ಮೂಡುತ್ತಾನೆ. ಎರಡೂ ಬದಿ ರಾಜ, ಬೆಲೆ ಎಲ್ಲೂ ಇಲ್ಲ. ಇದೇನು ಯಂತ್ರ ಬಂದ ಮೇಲಿನ ರೋಗವೂ ಅಲ್ಲ. ಸುತ್ತಿಗೆಯಿಂದ ಹೊಡೆಯುತ್ತಿದ್ದ ರೋಮನ್ನರ ಬೆಳ್ಳಿ ದಿನಾರಿಗಳಲ್ಲೂ ಇಂಥವು ಸಾಕಷ್ಟು ಸಿಕ್ಕಿವೆ.

ಲಕ್ಷಕ್ಕೊಂದು ನಮ್ಮ ಅಟ್ಟದಲ್ಲಿತ್ತು ಅಂದುಕೊಂಡು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ಕ್ಯಾಷಿಯರ್ ಸಾರ್ ತಾವೇ ಬಂದರು. ಮುಖ ಅಷ್ಟು ಗೆಲುವಾಗಿರಲಿಲ್ಲ. "ಬೆಳಕಲ್ಲಿ ಇನ್ನೊಂದು ಸಲ ನೋಡ್ಬೇಕು ಸಾರ್. ರಾತ್ರಿ ಮಲಗಿದ್ಮೇಲೆ ಹೊಳೀತು. ರಾಜನ ಹಿಂದೆ ಏನೋ ಬರಹ ಇದ್ದಂಗಿತ್ತಲ್ಲ?"

ಇತ್ತು. ನಾಣ್ಯವನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದಾಗ ತಗ್ಗಾದ ಕೆನ್ನೆಯ ಪಕ್ಕದಲ್ಲಿ ಕ್ವಾರ್ಟರ್ ಎಂಬ ಇಂಗ್ಲಿಷ್ ಪದದ ಕೊನೆಯ ಅಕ್ಷರಗಳು ಕಂಡವು. ಕೆಳಗೆ 1930ರ ಸೊನ್ನೆ. ಅಕ್ಷರಗಳು ಸವೆದಿರಲಿಲ್ಲ, ಜಜ್ಜಿಹೋಗಿದ್ದವು. ಸವೆದ ಅಕ್ಷರ ಹಳೇ ಮೆಟ್ಟಿಲಿನಂತೆ ದುಂಡಗಾಗಿರುತ್ತದೆ. ಇವು ತಲೆ ಚಪ್ಪಟೆಯಾಗಿ, ಅಂಚು ಪಕ್ಕಕ್ಕೆ ಹರಿದು, ತುಳಿದ ಮಲ್ಲಿಗೆ ಮೊಗ್ಗಿನ ಹಾಗೆ ಅಗಲವಾಗಿದ್ದವು.

ತೊಂದರೆ ಇಷ್ಟೇ: ಟಂಕಸಾಲೆಯಲ್ಲಿ ಸಿಕ್ಕಿಕೊಂಡ ನಾಣ್ಯ ಬರಹದ ಅಚ್ಚನ್ನು ಪೂರ್ತಿ ಮುಚ್ಚಿದ್ದರೆ, ಆ ಬದಿಯಲ್ಲಿ ಬರಹ ಬರುವುದಾದರೂ ಎಲ್ಲಿಂದ? ಬರಹ ಇದೆ ಎಂದರೆ ಈ ಕಾಲಾಣೆ ಮೊದಲು ಸರಿಯಾಗಿಯೇ ಹುಟ್ಟಿದೆ. ಎರಡನೇ ರಾಜ ಆಮೇಲೆ ಬಂದವನು.

ಯಾವಾಗ? ಟಂಕಸಾಲೆಯ ಗೋಡೆಯೊಳಗೋ, ಹೊರಗೋ? ಹವ್ಯಾಸದವರ ಜಗಳವೆಲ್ಲ ಈ ಒಂದು ಪ್ರಶ್ನೆಯ ಸುತ್ತ ಸುತ್ತುತ್ತದೆ. ಕ್ಯಾಷಿಯರ್ ಸಾರ್ ತಮ್ಮ ಗುರುತುಗಳನ್ನು ಹೇಳಿಕೊಟ್ಟರು. ನಾಣ್ಯದ ಮೇಲೆ ಗೆರೆ ಉಬ್ಬಿದ್ದರೆ ಅದು ಸಾಮಾನ್ಯವಾಗಿ ಟಂಕಸಾಲೆಯದು: ಅಚ್ಚು ಬಿರುಕು ಬಿಟ್ಟಿದೆ, ಬಿರುಕಿನೊಳಗೆ ಲೋಹ ನುಗ್ಗಿದೆ. ನಾಣ್ಯಕ್ಕೆ ಊರಲ್ಲಿ ಎಷ್ಟೇ ಗೀರಿದರೂ ಉಬ್ಬಿದ ಗೆರೆ ಹುಟ್ಟುವುದಿಲ್ಲ. ತಗ್ಗಿದ ಗೆರೆ ಊರಿನದು. ನೇಗಿಲು ಹೂಡಿದ ಸಾಲಿನ ಎರಡೂ ಬದಿಗೆ ಮಣ್ಣು ಏಳುವಂತೆ ಗೀರಿನ ಎರಡೂ ಬದಿಗೆ ಲೋಹ ಎದ್ದಿರುತ್ತದೆ. ಉಗುರು ಆಡಿಸಿದರೆ ಗೊತ್ತಾಗುತ್ತದೆ. ಆದರೆ ಟಂಕಸಾಲೆಯಲ್ಲೇ ಅಚ್ಚಿಗೂ ಬಿಲ್ಲೆಗೂ ನಡುವೆ ಬಟ್ಟೆಯ ಎಳೆಯೋ ತಂತಿಯ ಚೂರೋ ಸಿಕ್ಕಿಕೊಂಡರೂ ತಗ್ಗು ಬೀಳುತ್ತದೆ, ಆಗ ಬದಿಗೆ ಮಣ್ಣು ಏಳುವುದಿಲ್ಲ. ಅಚ್ಚಿನ ಅಕ್ಷರದೊಳಗೆ ಗ್ರೀಸು ತುಂಬಿಕೊಂಡರೆ ನಾಣ್ಯದಲ್ಲಿ ಆ ಅಕ್ಷರವೇ ಮಾಯ. ಇಂಥದ್ದನ್ನು ಹತ್ತು ಸಲ ನೋಡಿದವನೂ ಹನ್ನೊಂದನೇ ಸಲ ಮೋಸಹೋಗುತ್ತಾನೆ ಅಂದರು. ಅವರೂ ಹಿಂದಿನ ರಾತ್ರಿಯಷ್ಟೇ ಮೋಸಹೋಗಿದ್ದರಲ್ಲ.

ತೂಕ ಮಾಡಿಸೋಣ ಎಂದು ಇಬ್ಬರೂ ಹೊರಟೆವು. ಮುಖ್ಯರಸ್ತೆಯ ಹಿಂದಿನ ಅಡ್ಡರಸ್ತೆಯಲ್ಲಿ ಒಬ್ಬ ಆಚಾರ್ರಿದ್ದಾರೆ, ಮೂಗುತಿ ತಿರುಪು, ಕಾಲುಂಗುರ, ತಾಳಿ ಗುಂಡು ಇಂಥ ಸಣ್ಣ ಕೆಲಸ. ಡಬ್ಬದಿಂದ ಇನ್ನೂ ನಾಲ್ಕಾರು ನಾಣ್ಯ ಜೇಬಿಗೆ ಹಾಕಿಕೊಂಡಿದ್ದೆ. ಅವರು ಎಲೆಕ್ಟ್ರಾನಿಕ್ ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ ಒಂದೊಂದೇ ಇಟ್ಟರು. ನಮ್ಮ ಎರಡು ರಾಜರ ಕಾಲಾಣೆ 4.79 ಗ್ರಾಂ. ಟಂಕಸಾಲೆಯಿಂದ ಹೊರಡುವಾಗ ಈ ಕಂಚಿನ ಕಾಲಾಣೆಯ ತೂಕ 4.86. ಊರು ಸುತ್ತಿ ಸವೆದದ್ದಕ್ಕೆ ಅಷ್ಟು ಕಳೆದುಹೋಗುವುದು ಸಹಜ. ತಕ್ಕಡಿ ಏನೂ ಹೇಳಲಿಲ್ಲ. ಒತ್ತಿದರೆ ಲೋಹ ಎಲ್ಲೂ ಹೋಗುವುದಿಲ್ಲವಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ಉಜ್ಜಿದ್ದರೆ, ಆಸಿಡ್ಡಿನಲ್ಲಿ ಅದ್ದಿದ್ದರೆ ತೂಕ ಚಾಡಿ ಹೇಳುತ್ತಿತ್ತು.

ಇನ್ನೊಂದು ನಾಣ್ಯ ಕೊಟ್ಟೆ. ತಾಮ್ರದ್ದು, ದಪ್ಪ, ಅಂಚು ಒಂದೇ ಸಮ ಇಲ್ಲ. ಆನೆ ಬಲಗಡೆ ಅಂಚಿಗೆ ಸರಿದು ಸೊಂಡಿಲೇ ನಾಣ್ಯದಾಚೆ ಹೋಗಿದೆ. "ಇದು ಖಂಡಿತ ತಪ್ಪು ಅಚ್ಚು" ಅಂದೆ. ಆಚಾರ್ರು ನಕ್ಕರು. "ಇದು ಕೈಯಲ್ಲಿ ಹೊಡೆದಿದ್ದು ಸ್ವಾಮಿ. ಒಂದೊಂದೂ ಹಿಂಗೇ ಇರೋದು."

ಅವರ ಮಾತು ಸರಿ. ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಕಾಸು, ಇನ್ನೊಂದು ಬದಿಯಲ್ಲಿ ಕನ್ನಡದಲ್ಲಿ ಕಾಸಿನ ಲೆಕ್ಕ ಬರೆದಿದ್ದು. ಅದಕ್ಕಿಂತ ಹಿಂದೆ ಟಿಪ್ಪು ಶ್ರೀರಂಗಪಟ್ಟಣ, ನಗರ, ಬೆಂಗಳೂರು ಮುಂತಾದ ಕಡೆ ಹೊಡೆಸಿದ ಆನೆಯ ಪೈಸೆಗಳೂ ಹೀಗೇ. ಬಹಳ ಸಲ ಅಚ್ಚು ಬಿಲ್ಲೆಗಿಂತ ದೊಡ್ಡದು. ಬಿಲ್ಲೆ ಅಚ್ಚಿನ ಯಾವ ಭಾಗದ ಕೆಳಗೆ ಬಿತ್ತೋ ಆ ಭಾಗ ಮೂಡಿತು. ಇಡೀ ಆನೆ ಬಂದರೆ ಅದು ಅದೃಷ್ಟ. ಬಿಲ್ಲೆಯನ್ನು ಹಿಡಿದಿಡುವ ಕಾಲರ್ ಇಲ್ಲದ ಕಡೆ ನಡು ತಪ್ಪಿದೆ ಎಂದು ದೂರುವುದು, ಕೈಯಲ್ಲಿ ತಟ್ಟಿದ ರೊಟ್ಟಿ ದುಂಡಗಿಲ್ಲ ಎಂದು ದೂರಿದ ಹಾಗೆ. ತಪ್ಪು ಅನ್ನಬೇಕಾದರೆ ಮೊದಲು ಸರಿ ಯಾವುದು ಎಂದು ಯಾರಾದರೂ ಗೊತ್ತುಮಾಡಿರಬೇಕು. ಕಲ್ಕತ್ತೆಯಲ್ಲಿ ಆವಿಯ ಯಂತ್ರಗಳ ಹೊಸ ಟಂಕಸಾಲೆ ಕೆಲಸ ಶುರುಮಾಡಿದ್ದು 1829ರಲ್ಲಿ. ಕಂಪನಿ ಸರ್ಕಾರ ತನ್ನ ಆಡಳಿತಕ್ಕೆಲ್ಲ ಒಂದೇ ನಮೂನೆಯ ರೂಪಾಯಿ ತಂದದ್ದು 1835ರಲ್ಲಿ. ಒಂದರಂತೆ ಇನ್ನೊಂದು ಇರಲೇಬೇಕು ಅನ್ನುವ ಹಟ ಬಂದ ಮೇಲೆಯೇ ಒಂದರಂತಿಲ್ಲದ ನಾಣ್ಯಕ್ಕೆ ಬೆಲೆ ಬಂದದ್ದು.

ಟಂಕಸಾಲೆಯ ತಪ್ಪು ಎಂದಾಗ ಹಳಬರು ಹಂದಿ ರೂಪಾಯಿಯ ಕತೆಯನ್ನೂ ತೆಗೆಯುತ್ತಾರೆ. 1911ರಲ್ಲಿ ಇದೇ ಐದನೇ ಜಾರ್ಜನ ಹೊಸ ರೂಪಾಯಿ ಬಂದಾಗ ಅವನ ನಿಲುವಂಗಿಯ ಮೇಲಿನ ಪುಟ್ಟ ಆನೆಯ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಂಡಿತು. ಜನ ಕೆರಳಿದರು, ಹೊಡೆದ ನಾಣ್ಯಗಳಲ್ಲಿ ಬಹುಪಾಲನ್ನು ಸರ್ಕಾರ ಕರಗಿಸಿತು, 1912ರಿಂದ ಆನೆ ತಿದ್ದಿಕೊಂಡು ಬಂತು. ಸೊಗಸಾದ ಕತೆ, ಆದರೆ ಅಲ್ಲಿ ಯಂತ್ರ ತಪ್ಪಲಿಲ್ಲ. ಚಿತ್ರ ಬರೆದವನ ಆನೆಯನ್ನು ಅದು ಚಾಚೂ ತಪ್ಪದೆ ಲಕ್ಷ ಲಕ್ಷ ಸಲ ಒತ್ತಿತು.

ಆಚಾರ್ರು ಮೈಸೂರು ಕಾಸನ್ನು ಬೆರಳ ನಡುವೆ ತಿರುಗಿಸುತ್ತ, "ನಮ್ಮಪ್ಪ ಗುಲಗಂಜಿ ಇಟ್ಟು ತೂಗ್ತಿದ್ರು" ಅಂದರು. ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ ಈಗಲೂ ನಾಲ್ಕು ಗುಲಗಂಜಿ ಇಟ್ಟುಕೊಂಡಿದ್ದರು. ತೂಕಕ್ಕಲ್ಲ, ಅಪ್ಪನ ನೆನಪಿಗೆ.

ಗುಲಗಂಜಿ ಅಂದಕೂಡಲೇ ನನಗೆ ಕೋಸಾಂಬಿ ನೆನಪಾದರು.

ನಮ್ಮ ದೇಶದ ಬಹಳ ಹಳೆಯ ಬೆಳ್ಳಿ ನಾಣ್ಯಗಳು, ಸುಮಾರು ಎರಡೂಕಾಲು ಸಾವಿರ ವರ್ಷಗಳ ಹಿಂದಿನವು, ಮೂವತ್ತೆರಡು ಗುಲಗಂಜಿ ತೂಕದವು. ಬೆಳ್ಳಿ ತಗಡನ್ನು ಚೂರು ಮಾಡಿ, ತೂಕ ಸರಿಹೋಗುವವರೆಗೆ ಮೂಲೆ ಕತ್ತರಿಸಿ, ಒಂದು ಬದಿಗೆ ಸೂರ್ಯ, ಬೆಟ್ಟ, ಪ್ರಾಣಿ ಹೀಗೆ ಐದು ಮುದ್ರೆ ಒತ್ತುತ್ತಿದ್ದರು. ಅದಕ್ಕೇ ಮುದ್ರಾಂಕಿತ ನಾಣ್ಯ ಎಂಬ ಹೆಸರು. ರಾಜನ ಹೆಸರಿಲ್ಲ, ಇಸವಿ ಇಲ್ಲ, ಅಕ್ಷರವೇ ಇಲ್ಲ. ಹಿಂಬದಿಯಲ್ಲಿ ಕೆಲವಕ್ಕೆ ಏನೂ ಇಲ್ಲ. ಕೆಲವಕ್ಕೆ ಒಂದು ಸಣ್ಣ ಗುರುತು, ಕೆಲವಕ್ಕೆ ಎರಡು, ಮೂರು, ಇನ್ನೂ ಹೆಚ್ಚು. ಈ ಸಣ್ಣ ಗುರುತುಗಳನ್ನು ಯಾರು ಒತ್ತಿದರು, ಯಾವಾಗ? ಹುಟ್ಟಿದಾಗ ಬಂದದ್ದೋ, ಆಮೇಲೆ ಬಿದ್ದದ್ದೋ? ನನ್ನ ಕಾಲಾಣೆಯ ಪ್ರಶ್ನೆಯೇ, ದೊಡ್ಡ ಪ್ರಮಾಣದಲ್ಲಿ.

ಗೋವೆಯ ದಾಮೋದರ ಧರ್ಮಾನಂದ ಕೋಸಾಂಬಿ ಆಗ ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಸಂಖ್ಯಾಶಾಸ್ತ್ರವನ್ನು ಚೆನ್ನಾಗಿ ಕಲಿಯಬೇಕು, ಅದಕ್ಕೆ ಕೈಗೆ ಸಿಗುವ ಒಂದು ಲೆಕ್ಕ ಬೇಕು ಎಂದು ಹುಡುಕುತ್ತಿದ್ದವರಿಗೆ ಸಿಕ್ಕಿದ್ದು ನಾಣ್ಯಗಳ ತೂಕ. ತಕ್ಷಶಿಲೆಯ ಭೀರ್ ದಿಬ್ಬದಲ್ಲಿ 1924ರಲ್ಲಿ ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿಯೊಂದು ಸಿಕ್ಕಿತ್ತು. ಜೊತೆಗೆ ಅಲೆಕ್ಸಾಂಡರನ ಎರಡು ನಾಣ್ಯ, ಅವನ ನಂತರದ ಫಿಲಿಪ್‌ನದು ಒಂದು, ಈಗಷ್ಟೇ ಹೊಡೆದಂತೆ ಹೊಸತಾಗಿ. ಹಾಗಾಗಿ ನಿಧಿ ಮಣ್ಣು ಸೇರಿದ ಕಾಲವೂ ಹೆಚ್ಚುಕಡಿಮೆ ಗೊತ್ತಿತ್ತು. ವಾಲ್ಷ್ ಎಂಬ ಅಧಿಕಾರಿ ಪ್ರತಿಯೊಂದರ ಮುದ್ರೆ, ಹಿಂಬದಿಯ ಗುರುತು, ತೂಕ ಎಲ್ಲವನ್ನೂ ಪಟ್ಟಿ ಮಾಡಿದ ಪುಸ್ತಕ 1939ರಲ್ಲಿ ಅಚ್ಚಾಯಿತು. ಪಂಡಿತರು ಆ ಪಟ್ಟಿಯ ಚಿತ್ರಗಳ ಅರ್ಥದ ಮೇಲೆ ವಾದ ಮಾಡುತ್ತಿದ್ದರು. ಕೋಸಾಂಬಿ ಚಿತ್ರಗಳನ್ನು ಆಮೇಲೆ ನೋಡಿದರಾಯಿತು ಎಂದು ತೂಕದ ಸಾಲಿಗೆ ಕೈ ಹಾಕಿದರು.

ಅವರು ಮಾಡಿದ್ದನ್ನು ಹೈಸ್ಕೂಲು ಹುಡುಗನೂ ಮಾಡಬಹುದಿತ್ತು. ಮಾಡಬೇಕು ಎಂದು ಹೊಳೆದದ್ದು ಅವರಿಗೆ. ಹಿಂಬದಿ ಖಾಲಿ ಇರುವ ನಾಣ್ಯಗಳದ್ದು ಒಂದು ಗುಂಪು, ಒಂದು ಗುರುತಿರುವವು ಇನ್ನೊಂದು, ಎರಡಿರುವವು ಮತ್ತೊಂದು. ಪ್ರತಿ ಗುಂಪಿನ ಸರಾಸರಿ ತೂಕ. ಗುರುತು ಹೆಚ್ಚಿದಂತೆಲ್ಲ ಸರಾಸರಿ ತೂಕ ಇಳಿಯುತ್ತಾ ಹೋಯಿತು, ಅದೂ ಎರ್ರಾಬಿರ್ರಿಯಾಗಿ ಅಲ್ಲ, ಮೆಟ್ಟಿಲು ಇಳಿದ ಹಾಗೆ.

ಮುದ್ರೆ ಒತ್ತಿದರೆ ಬೆಳ್ಳಿ ಕಳೆಯುವುದಿಲ್ಲ, ನನ್ನ ಕಾಲಾಣೆಯಂತೆ. ಬೆಳ್ಳಿ ಕಳೆಯುವುದು ಕೈಯಿಂದ ಕೈಗೆ, ಚೀಲದಿಂದ ಚೀಲಕ್ಕೆ ಓಡಾಡಿದಾಗ. ಗುರುತು ಹೆಚ್ಚಿದ್ದವು ಹೆಚ್ಚು ಸವೆದಿವೆ ಎಂದರೆ ಅವು ಹೆಚ್ಚು ಕಾಲ ಓಡಾಡಿವೆ. ಅಂದರೆ ಗುರುತುಗಳು ಒಂದೇ ದಿನ ಬಿದ್ದವಲ್ಲ, ಆಗಾಗ ಒಂದೊಂದಾಗಿ ಬಿದ್ದವು. ಮುಂಬದಿಯ ಐದು ಮುದ್ರೆ ಹೊರಡಿಸಿದವರದು. ಹಿಂಬದಿಯ ಸಣ್ಣ ಗುರುತುಗಳು ವರ್ತಕರದು, ಶರಾಫರದು. ನಾಣ್ಯ ಕೈಗೆ ಬಂದಾಗ ತೂಗಿ, ಪರೀಕ್ಷಿಸಿ, ಸರಿಯಿದೆ ಎಂದು ಒತ್ತಿದ ಸಹಿ. ಬ್ಯಾಂಕಿನಲ್ಲಿ ನೋಟಿನ ಕಂತೆಗೆ ಸುತ್ತಿದ ಪಟ್ಟಿಯ ಮೇಲೆ ಹಾಕುತ್ತಿದ್ದ ಸಹಿಯ ಹಾಗೆ ಎಂದು ನಾನು ವಿವರಿಸಿದಾಗ ಕ್ಯಾಷಿಯರ್ ಸಾರ್ ಬೆನ್ನು ನೆಟ್ಟಗೆ ಮಾಡಿ ಕೂತರು. ಅವರ ಕಸುಬಿಗೆ ಎರಡೂಕಾಲು ಸಾವಿರ ವರ್ಷದ ವಂಶಾವಳಿ ಸಿಕ್ಕಿತ್ತು.

ನನಗೆ ಖುಷಿ ಕೊಡುವ ಸಂಗತಿ ಇನ್ನೊಂದಿದೆ. ಕೋಸಾಂಬಿ ಈ ಲೆಕ್ಕವನ್ನು 1940ರಲ್ಲಿ ಮೊದಲು ಕಳಿಸಿಕೊಟ್ಟದ್ದು ನಮ್ಮ ಬೆಂಗಳೂರಿನಿಂದ ಹೊರಡುತ್ತಿದ್ದ ಕರೆಂಟ್ ಸೈನ್ಸ್ ಪತ್ರಿಕೆಗೆ. ಮೂರು ಪುಟದ ಲೇಖನ. 1942ರಲ್ಲಿ ಅದೇ ಪತ್ರಿಕೆಯಲ್ಲಿ, ಚಲಾವಣೆಯಿಂದ ನಾಣ್ಯದ ತೂಕ ಹೇಗೆ ಬದಲಾಗುತ್ತದೆ ಎಂಬುದರ ಮೇಲೆ ಇನ್ನೊಂದು ಬರೆದರು. ಅದಕ್ಕೆ ಅವರು ತಮ್ಮ ಕಾಲದ ಪೇಟೆಯಲ್ಲಿ ಓಡುತ್ತಿದ್ದ ನಾಣ್ಯಗಳನ್ನೇ ಸಾವಿರಗಟ್ಟಲೆ ತೂಗಿದ್ದರು. ಹಳೆಯ ಇಸವಿಯವು ಹಗುರ. ಜೊತೆಗೆ ಹಳೆಯದಾದಷ್ಟೂ ಒಂದಕ್ಕೂ ಇನ್ನೊಂದಕ್ಕೂ ತೂಕದ ವ್ಯತ್ಯಾಸ ಹೆಚ್ಚು. ಒಂದು ದಿನಾ ಸಂತೆ ಸುತ್ತಿರುತ್ತದೆ, ಇನ್ನೊಂದು ಯಾರದೋ ಸೆರಗಿನ ಗಂಟಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ಈಗ ಯಾವುದೇ ಒಂದು ನಾಣ್ಯ ಕೈಯಲ್ಲಿ ಹಿಡಿದು ಇದಕ್ಕೆ ಎಷ್ಟು ವಯಸ್ಸು ಎಂದರೆ ಹೇಳುವುದು ಕಷ್ಟ. ನೂರು ಒಟ್ಟಿಗೆ ಇಟ್ಟರೆ ಅವೇ ಬಾಯಿ ಬಿಡುತ್ತವೆ.

ನಾಣ್ಯ ಕೂಡಿಡುವವರು ಸವೆತ, ಗೀರು, ಏಟು ಕಂಡರೆ ಮುಖ ಸಿಂಡರಿಸುತ್ತಾರೆ. ಕೋಸಾಂಬಿ ಅದನ್ನೇ ಗಡಿಯಾರ ಮಾಡಿಕೊಂಡರು. ಆಮೇಲೆ ಬಿದ್ದ ಏಟಿನಲ್ಲೂ ಹೀಗೆ ಚರಿತ್ರೆ ಇರುತ್ತದೆ. ತಮಿಳುನಾಡಿನ ಪುದುಕೋಟೆಯಲ್ಲಿ 1898ರಲ್ಲಿ ಸಿಕ್ಕ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವಕ್ಕೆ ಚಕ್ರವರ್ತಿಯ ಮುಖದ ಮೇಲೆಯೇ ಉಳಿಯಿಂದ ಕಚ್ಚು ಹಾಕಿದ್ದಾರೆ. ಅದು ಯಂತ್ರದ ತಪ್ಪೂ ಅಲ್ಲ, ಚಿಲ್ಲರೆ ಗೀರೂ ಅಲ್ಲ. ಯಾರೋ ಕೂತು, ಒಂದಾದ ಮೇಲೊಂದರಂತೆ, ಬೇಕೆಂದೇ ಮಾಡಿದ ಕೆಲಸ. ಒಂದೇ ನಾಣ್ಯ ಸಿಕ್ಕಿದ್ದರೆ ಆಕಸ್ಮಿಕ ಏಟು ಅನ್ನುತ್ತಿದ್ದರು. ನೂರಾರು ಸಿಕ್ಕಿದ್ದಕ್ಕೆ ಪದ್ಧತಿ ಕಂಡಿತು.

ಆಚಾರ್ರ ಅಂಗಡಿಯಿಂದ ವಾಪಸು ಬರುವಾಗ ಇದನ್ನೆಲ್ಲ ಕ್ಯಾಷಿಯರ್ ಸಾರ್‌ಗೆ ಹೇಳುತ್ತಿದ್ದೆ. ಸಿಗ್ನಲ್ ಹತ್ತಿರ ಅವರು ತಟ್ಟನೆ ನಿಂತರು. ಹಿಂದಿನ ಸ್ಕೂಟರಿನವನು ಬೈದುಕೊಂಡು ಹೋದ.

"ಅಲ್ಲ ಸಾರ್, ನಾವು ಒಂದೇ ನಾಣ್ಯ ನೋಡ್ತಾ ಕೂತಿದ್ದೀವಲ್ಲ. ಡಬ್ಬದಲ್ಲಿ ಇನ್ನೂ ಎಪ್ಪತ್ತಿದೆ."

ಹಾಲಿನಲ್ಲಿ ಹಳೇ ಪೇಪರು ಹಾಸಿ ಡಬ್ಬ ಬೋರಲು ಹಾಕಿದೆವು. ಪೇಂಟಿನ ವಾಸನೆಗೆ ಕಿಟಕಿ ಎಲ್ಲ ತೆರೆದಿತ್ತು, ಬೆಳಕು ಚೆನ್ನಾಗಿತ್ತು. ನಡುವೆ ತೂತಿರುವ 1943ರ ಪೈಸೆಗಳು ಒಂದು ಕಡೆ. ದೊಡ್ಡಮ್ಮ ಅವನ್ನು ದಾರಕ್ಕೆ ಪೋಣಿಸಿ ಮಗುವಿನ ಸೊಂಟಕ್ಕೆ ಕಟ್ಟುತ್ತಿದ್ದುದನ್ನು ಹೇಳಿದರು. ಆ ತೂತು ಟಂಕಸಾಲೆಯದೇ. ಯುದ್ಧಕಾಲದಲ್ಲಿ ಕಂಚು ಉಳಿಸಲು ಮಾಡಿದ್ದು. ಅದರ ಪಕ್ಕದಲ್ಲೇ ಒಂದು ಬೆಳ್ಳಿಯ ಅರ್ಧ ರೂಪಾಯಿಗೂ ತೂತಿತ್ತು. ಅಂಚಿನಲ್ಲಿ, ಒಂದು ಬದಿಯಿಂದ ಕೊರೆದು ಇನ್ನೊಂದು ಬದಿಗೆ ಸಿಬಿರು ಎದ್ದದ್ದು. ಇನ್ನೊಂದಕ್ಕೆ ನೆತ್ತಿಯಲ್ಲಿ ಬೆಸುಗೆಯ ಬೂದು ಗುಳ್ಳೆ. ಎರಡೂ ಯಾರದೋ ಕಾಸಿನ ಸರದಿಂದ ಉದುರಿದವು. ರೈಲು ಕಂಬಿಯ ಮೇಲಿಟ್ಟು ಎಲೆಯಂತೆ ಮಾಡಿಕೊಂಡ ಒಂದು ಹತ್ತು ಪೈಸೆ ಇತ್ತು. ಅದರ ಪಾತಕಿ ನಾನೇ, ಒಪ್ಪಿಕೊಂಡೆ.

ಕಾಲಾಣೆಗಳು ಹತ್ತೊಂಬತ್ತು. ಒಂದೊಂದನ್ನೂ ರಾಜನ ಬದಿ ಮೇಲೆ ಮಾಡಿ ಬೆಳಕಿಗೆ ಓರೆ ಹಿಡಿಯುತ್ತ ಹೋದೆವು. ಹನ್ನೆರಡನೆಯದೋ ಹದಿಮೂರನೆಯದೋ ಇರಬೇಕು, ಕ್ಯಾಷಿಯರ್ ಸಾರ್ ಮಾತಾಡದೆ ಲೆನ್ಸನ್ನು ನನ್ನ ಕೈಗಿಟ್ಟರು.

ದೊರೆಯ ಕೆನ್ನೆಯ ಮೇಲೆ ಬರಹ ಇತ್ತು. ಗಡ್ಡದಿಂದ ಕಿವಿಯವರೆಗೆ, ಕೂದಲೆಳೆಯಷ್ಟು ಆಳದಲ್ಲಿ, ಇಂಗ್ಲಿಷಿನ 'ಇ' ಅಕ್ಷರ. ಅದರ ಮೂರು ಹಲ್ಲು ಬಲಕ್ಕಿರುವ ಬದಲು ಎಡಕ್ಕಿದ್ದವು. ಪಕ್ಕದಲ್ಲಿ ಬೆನ್ನು ತಿರುಗಿಸಿದ 'ಆರ್'.

ಇದಕ್ಕೆ ಬೇರೆ ಯಾವ ಅರ್ಥವನ್ನೂ ಹೇಳಲು ಬರುವುದಿಲ್ಲ. ಟಂಕಸಾಲೆಯಲ್ಲಿ ಅಚ್ಚಿಗೆ ಸಿಕ್ಕಿಕೊಂಡ ನಾಣ್ಯದ ಮುಂದೆ ಬರುವುದು ಬರಿಯ ಬಿಲ್ಲೆ. ಬರಿಯ ಬಿಲ್ಲೆಯ ಮೇಲೆ ಅಕ್ಷರ ಇರುವುದಿಲ್ಲ, ಹಾಗಾಗಿ ಅದು ರಾಜನ ಕೆನ್ನೆಗೆ ಅಕ್ಷರ ಒತ್ತಲಾರದು. ಇಲ್ಲಿ ಎರಡು ಪೂರ್ತಿಯಾದ ಕಾಲಾಣೆಗಳನ್ನು, ಒಂದರ ಬರಹಕ್ಕೆ ಇನ್ನೊಂದರ ರಾಜನನ್ನು ಎದುರು ಮಾಡಿ, ಯಾರೋ ಬಲವಾಗಿ ಅಮುಕಿದ್ದಾರೆ. ಇದು ಅದಕ್ಕೆ ರಾಜನನ್ನು ಕೊಟ್ಟಿತು, ಅದು ಇದಕ್ಕೆ ಅಕ್ಷರ ಕೊಟ್ಟಿತು. ಎರಡರ ಹೊರಬದಿ ನೋಡಿದರೆ ಅಲ್ಲೂ ಸಾಕ್ಷಿ: ಎತ್ತರದ ಭಾಗಗಳೆಲ್ಲ ತಟ್ಟಿದಂತೆ ಚಪ್ಪಟೆ, ಅದರ ಮೇಲೆ ಅಡ್ಡ ಉದ್ದ ಸಣ್ಣ ಗೆರೆಗಳ ಚೌಕಳಿ. ಬೆಂಚ್ ವೈಸಿನ ದವಡೆ ನೋಡಿದವರಿಗೆ ಆ ಚೌಕಳಿ ಪರಿಚಯದ್ದು.

ಎರಡನ್ನೂ ಎದುರುಬದುರು ಹಿಡಿದು ಮೆಲ್ಲಗೆ ತಿರುಗಿಸಿದೆ. ಒಂದು ಕಡೆ ಬಂದಾಗ ತಿರುಗುವುದು ನಿಂತಿತು. ಡಬ್ಬಿಯ ಮುಚ್ಚಳ ಕೂತ ಹಾಗೆ ಒಂದರೊಳಗೊಂದು ಕೂತವು.

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ನೋಡಿದರು. ದೊಡ್ಡಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಚಾಮರಾಜಪೇಟೆ ಮನೆಯ ಹಿತ್ತಿಲಲ್ಲಿ ಒಂದು ವೈಸ್ ಇತ್ತಂತೆ, ಕತ್ರಿಗುಪ್ಪೆಗೆ ಬಂದ ಮೇಲೆ ಅದನ್ನು ಗುಜರಿಗೆ ಹಾಕಿದರಂತೆ. ಅದು ಇದ್ದಿದ್ದರೆ ದವಡೆಯ ಗೆರೆಗೂ ನಾಣ್ಯದ ಗೆರೆಗೂ ತಾಳೆ ನೋಡಬಹುದಿತ್ತು.

"ಅವರದೇ ಕೆಲಸ ಬಿಡು. ಭಾನುವಾರ ಬಂದ್ರೆ ಕೈ ಸುಮ್ನಿರ್ತಿರ್ಲಿಲ್ಲ" ಅಂದರು. ನನಗೆ ಅಷ್ಟು ಖಾತ್ರಿಯಿಲ್ಲ. ಆಗ ಮನೆಯಲ್ಲಿ ಹುಡುಗರೂ ಐದು ಜನ ಇದ್ದರು.

"ಮತ್ತೆ ಲಕ್ಕಿ?"

"ಲಕ್ಕಿ ಇಲ್ಲ ಅಮ್ಮಾ" ಅಂದರು ಕ್ಯಾಷಿಯರ್ ಸಾರ್, ತಮ್ಮದೇ ದುಡ್ಡು ಹೋದವರಂತೆ. ಆಮೇಲೆ ಉಳಿದವನ್ನು ಡಬ್ಬಕ್ಕೆ ತುಂಬಲು ಕೈ ಚಾಚಿದರು, ಅರ್ಧದಲ್ಲೇ ನಿಲ್ಲಿಸಿದರು. ಕೆಲಸಕ್ಕೆ ಬಾರದವು ಎಂದು ನಾನು ಬದಿಗೆ ಸರಿಸಿದ್ದ ರಾಶಿಯಿಂದ ಒಂದು ನಯಾಪೈಸೆ ಎತ್ತಿಕೊಂಡರು. 1957ರ ಕಂಚಿನದು, ಹದಿನಾರು ಮಿಲಿಮೀಟರಿನ ಪುಟ್ಟ ನಾಣ್ಯ, ಒಂದು ಬದಿ ಕಚ್ಚಿ ತಿಂದಂತೆ ಖಾಲಿ.

"ಅದು ಇಲಿ ಕಚ್ಚಿದ್ದು" ಅಂದರು ದೊಡ್ಡಮ್ಮ. "ಚಾಮರಾಜಪೇಟೆ ಮನೇಲಿ ಬಹಳ ಇಲಿ ಕಾಟ. ಅದು ಹಾಗೇ ಇತ್ತು, ಯಾರೂ ತಗೊಳ್ಲಿಲ್ಲ, ಡಬ್ಬಕ್ಕೆ ಹಾಕಿದ್ವಿ."

ಇಲಿ ಕಂಚು ಕಚ್ಚುವುದಿಲ್ಲ ಎಂದು ಅಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಅರ ಹಾಕಿದ್ದೋ, ಕತ್ತರಿಸಿದ್ದೋ ಎಂದು ನಾನಂದುಕೊಂಡಿದ್ದೆ. ಕ್ಯಾಷಿಯರ್ ಸಾರ್ ಇನ್ನೊಂದು ನಯಾಪೈಸೆ ತೆಗೆದು ಆ ಕಚ್ಚಿಗೆ ತಾಗಿಸಿ ಇಟ್ಟರು. ಎರಡು ಬಳೆ ಒಂದಕ್ಕೊಂದು ತಾಗಿದಂತಲ್ಲ, ಚಂದ್ರನ ಕೊರೆಯಲ್ಲಿ ಇನ್ನೊಂದು ಚಂದ್ರ ಕೂತಂತೆ ಸರಿಯಾಗಿ ಕೂತಿತು. ಟಂಕಸಾಲೆಯಲ್ಲಿ ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಟ್ಟಿ ಮುಂದಕ್ಕೆ ಸರಿಯದಿದ್ದರೆ, ಮೊದಲೇ ಕತ್ತರಿಸಿದ ತೂತಿನ ಮೇಲೆ ಕತ್ತರಿ ಬೀಳುತ್ತದೆ; ಬಿಲ್ಲೆ ಚಂದ್ರನ ಕೊರೆಯೊಂದಿಗೇ ಹುಟ್ಟುತ್ತದೆ.

ಅಷ್ಟಕ್ಕೆ ಅವರು ಒಪ್ಪಲಿಲ್ಲ. ಒಮ್ಮೆ ಮೋಸಹೋಗಿದ್ದರಲ್ಲ. ಲೆನ್ಸ್ ಹಿಡಿದು ಕಚ್ಚಿನ ಎದುರಿಗಿರುವ ಅಂಚನ್ನು ನೋಡಿದರು. ನನಗೂ ತೋರಿಸಿದರು. ನಾಣ್ಯದ ಸುತ್ತ ಎದ್ದಿರುವ ಬದು, ಕಚ್ಚಿನ ನೇರ ಎದುರಿಗೆ ಮಾತ್ರ ಕರಗಿ ಇಲ್ಲವಾಗಿತ್ತು. ಬಿಲ್ಲೆಗೆ ಬದು ಎಬ್ಬಿಸುವ ಯಂತ್ರ ಅದನ್ನು ಎರಡೂ ಕಡೆಯಿಂದ ಅಮುಕಿ ಉರುಳಿಸುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಗೆ ಅಮುಕು ಸಿಗುವುದಿಲ್ಲ. ಇದನ್ನು ಬ್ಲೇಕ್ಸ್‌ಲಿ ಗುರುತು ಅನ್ನುತ್ತಾರೆ, ಮೊದಲು ಗಮನಿಸಿದವರ ಹೆಸರಲ್ಲಿ. ಆಮೇಲೆ ಅರ ಹಾಕಿದವನಿಗೆ ಕಚ್ಚು ಮಾಡಲು ಬರುತ್ತದೆ. ಎದುರು ದಡದ ಬದುವನ್ನು ಹೀಗೆ ಇಲ್ಲವಾಗಿಸಬೇಕು ಎಂದು ಅವನಿಗೆ ಹೊಳೆಯುವುದಿಲ್ಲ. ಕಚ್ಚಿನ ಪಕ್ಕದ ಅಕ್ಷರಗಳೂ ಕತ್ತರಿಸಿದಂತೆ ನಿಂತಿರಲಿಲ್ಲ. ಲೋಹ ಖಾಲಿ ಜಾಗಕ್ಕೆ ಹರಿದು, ಅಕ್ಷರ ಆ ಕಡೆಗೆ ಎಳೆದುಕೊಂಡು, ತೆಳುವಾಗಿ ಮುಗಿದಿದ್ದವು.

ಆಚಾರ್ರ ತಕ್ಕಡಿಗೆ ಇನ್ನೊಂದು ಪ್ರಯಾಣ. ಸರಿಯಾದ ನಯಾಪೈಸೆ 1.47 ಗ್ರಾಂ. ಇದು 1.31. ಈ ಸಲ ತಕ್ಕಡಿ ಮಾತಾಡಿತು.

ಇದಕ್ಕೇನೂ ಭಾರಿ ಬೆಲೆ ಬರುವುದಿಲ್ಲ, ಕಚ್ಚು ಬಿಲ್ಲೆಗಳು ಲಾಖಿಯಷ್ಟು ಅಪರೂಪವಲ್ಲ ಎಂದು ಕ್ಯಾಷಿಯರ್ ಸಾರ್ ಮೊದಲೇ ಹೇಳಿದರು. ದೊಡ್ಡಮ್ಮ ಬೆಲೆ ಕೇಳಲೂ ಇಲ್ಲ. ನಯಾಪೈಸೆಯನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು.

"ಅಂದ್ರೆ ಇದು ಅಂಗಡೀಲೂ ತಗೋಬಹುದಿತ್ತು, ಅಲ್ವಾ? ಸರ್ಕಾರದ್ದೇ ತಪ್ಪು" ಅಂದರು. ಆಮೇಲೆ, "ಅಯ್ಯೋ ಪಾಪ, ಇದರ ಸಿಟ್ಟಿಗೆ ನಿಮ್ಮ ದೊಡ್ಡಪ್ಪ ಅವತ್ತೇ ಬೋನು ತಂದಿದ್ರು ಕಣೋ."